ಅನುಪಾತದ ಲೆಕ್ಕದಲ್ಲಿ ಮೊದಲು ಹುಡುಕಬೇಕಾದದ್ದು ಎಕ್ಸ್ ಅಲ್ಲ

ಪ್ರಶ್ನೆ: ನಾನು ಮಂಡ್ಯದವಳು. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಬಿ.ಕಾಂ. ಮುಗಿಸಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಾ, ಎಂಬಿಎ ಸೇರುವ ಉದ್ದೇಶದಿಂದ ಪಿಜಿಸಿಇಟಿ ಮತ್ತು ಕ್ಯಾಟ್ ಎರಡಕ್ಕೂ ತಯಾರಿ ನಡೆಸಿದ್ದೇನೆ. ಭಾನುವಾರ ಮೈಸೂರಿಗೆ ಬಂದು ಕೋಚಿಂಗ್ ತರಗತಿಯಲ್ಲಿ ಕೂರುತ್ತೇನೆ. ಶೇಕಡಾವಾರು, ಬಡ್ಡಿ, ಲಾಭ-ನಷ್ಟದ ಲೆಕ್ಕಗಳು ನನಗೆ ಕಷ್ಟವಲ್ಲ. ಅನುಪಾತವನ್ನು ವಾಕ್ಯದಲ್ಲಿ ಕೊಟ್ಟರೆ ಮಾತ್ರ ಕೈ ಕಟ್ಟಿಹಾಕಿದಂತಾಗುತ್ತದೆ. ಕಳೆದ ಮಾಕ್ ಟೆಸ್ಟ್‌ನಲ್ಲಿ ಬಂದ ಪ್ರಶ್ನೆ ಹೀಗಿತ್ತು: ಕಾಲೇಜೊಂದರಲ್ಲಿ ಹುಡುಗರು ಮತ್ತು ಹುಡುಗಿಯರ ಅನುಪಾತ 5:3, 20 ಹುಡುಗರು ಕಾಲೇಜು ಬಿಟ್ಟು, 20 ಹುಡುಗಿಯರು ಹೊಸದಾಗಿ ಸೇರಿದ ಮೇಲೆ ಅನುಪಾತ 7:5 ಆಯಿತು, ಒಟ್ಟು ವಿದ್ಯಾರ್ಥಿಗಳು ಎಷ್ಟು? ನಾನು 5ಎಕ್ಸ್ − 20 = 7ಎಕ್ಸ್ ಎಂದು ಬರೆದೆ. ಎಕ್ಸ್‌ನ ಬೆಲೆ ಋಣಾತ್ಮಕವಾಗಿ ಬಂತು. ಅಲ್ಲಿಗೆ ಐದು ನಿಮಿಷ ಹೋಯಿತು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವುದರಲ್ಲೇ ನಾನು ಎಡವುತ್ತಿದ್ದೇನೆಯೇ? ಶಾರ್ಟ್‌ಕಟ್‌ಗಳಿಗೆಂದೇ ನಡೆಸುವ ಪ್ರತ್ಯೇಕ ಬ್ಯಾಚ್‌ಗೆ ಸೇರಬೇಕೇ, ಅಥವಾ ಈ ಅಧ್ಯಾಯವನ್ನೇ ಬಿಟ್ಟು ಬೇರೆ ಕಡೆ ಅಂಕ ಗಳಿಸುವುದು ಜಾಣತನವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳಿವೆ: ಭಾಷೆಯದು, ವಿಧಾನದ್ದು, ಸಮಯದ್ದು. ಮೈಸೂರಿನಲ್ಲಿ ಹಲವು ವರ್ಷಗಳಿಂದ ಪ್ರವೇಶ ಪರೀಕ್ಷೆಗಳಿಗೆ ಗಣಿತ ಕಲಿಸುತ್ತಿರುವ ನನ್ನ ಅನುಭವದಲ್ಲಿ, ಅನುಪಾತದ ಬಗ್ಗೆ ಬರುವ ದೂರುಗಳಲ್ಲಿ ಈ ಮೂರೂ ಒಟ್ಟಿಗೇ ಇರುತ್ತವೆ ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ಮೊದಲನೆಯದನ್ನು ಮೂಲವೆಂದು ತಪ್ಪಾಗಿ ಭಾವಿಸಲಾಗಿರುತ್ತದೆ. ನೀವು ಬರೆದ ಸಮೀಕರಣವನ್ನು ಪತ್ರದಲ್ಲಿ ಹಾಗೆಯೇ ಕೊಟ್ಟಿರುವುದು ಬಹಳ ಉಪಕಾರವಾಯಿತು. ಅದೊಂದು ಸಾಲಿನಿಂದಲೇ ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ.

ಭಾಷೆಯ ವಿಷಯವನ್ನು ಮೊದಲು ಮುಗಿಸೋಣ. ಕನ್ನಡ ಮಾಧ್ಯಮದಿಂದ ಬಂದವರಿಗೆ ವಾಕ್ಯರೂಪದ ಲೆಕ್ಕ ಬರುವುದಿಲ್ಲ ಎಂಬ ಮಾತನ್ನು ತರಗತಿಗಳಲ್ಲಿ ಬಹಳ ಸಲೀಸಾಗಿ ಹೇಳಿಬಿಡುತ್ತಾರೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನಗಳು ಈ ಮಾತಿಗೆ ತಕ್ಕ ಉತ್ತರ ಕೊಡುತ್ತವೆ. ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ, ವಿದ್ಯಾರ್ಥಿಗಳ ಸಂಖ್ಯೆಯನ್ನು ಎಸ್ ಎಂದೂ ಪ್ರಾಧ್ಯಾಪಕರ ಸಂಖ್ಯೆಯನ್ನು ಪಿ ಎಂದೂ ಇಟ್ಟುಕೊಂಡು ಸಮೀಕರಣ ಬರೆಯಿರಿ ಎಂದು ಎಂಜಿನಿಯರಿಂಗ್ ಓದಲು ಬಂದಿದ್ದ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕೇಳಿದಾಗ, ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ತಪ್ಪು ಬರೆದರು. ಅವರಲ್ಲಿ ಬಹುತೇಕರು ಬರೆದದ್ದು 6ಎಸ್ = ಪಿ ಎಂದು. ಬರೆಯಬೇಕಾಗಿದ್ದದ್ದು ಎಸ್ = 6ಪಿ. ಇಂಗ್ಲಿಷಿನಲ್ಲೇ ಓದಿ ಬೆಳೆದವರು ಇಂಗ್ಲಿಷ್ ವಾಕ್ಯವನ್ನು ಚೆನ್ನಾಗಿ ಅರ್ಥ ಮಾಡಿಕೊಂಡೇ ಮಾಡಿದ ತಪ್ಪು ಇದು. ವಾಕ್ಯದಲ್ಲಿ ಸಂಖ್ಯೆಗಳು ಯಾವ ಕ್ರಮದಲ್ಲಿ ಕಾಣುತ್ತವೆಯೋ ಅದೇ ಕ್ರಮದಲ್ಲಿ ಕೈ ಸಮೀಕರಣವನ್ನು ಬರೆದುಬಿಡುತ್ತದೆ, ಅರ್ಥವಾದದ್ದು ಬರವಣಿಗೆಗೆ ಇಳಿಯುವುದೇ ಇಲ್ಲ. ನಿಮ್ಮ ಸಮೀಕರಣದಲ್ಲಿ ಆಗಿರುವುದು ಇದರ ಹತ್ತಿರದ ನೆಂಟ. ನೀವು ಪ್ರಶ್ನೆಯನ್ನು ನನಗೆ ಕನ್ನಡದಲ್ಲಿ ಯಾವ ಗೊಂದಲವೂ ಇಲ್ಲದೆ ತಿಳಿಸಿದ್ದೀರಿ ಎಂಬುದೇ ನಿಮಗೆ ಪ್ರಶ್ನೆ ಅರ್ಥವಾಗಿತ್ತು ಎನ್ನುವುದಕ್ಕೆ ಸಾಕ್ಷಿ. ಓದುವ ವೇಗಕ್ಕೆ ಅಭ್ಯಾಸ ಬೇಕು ಎನ್ನುವುದು ನಿಜ, ಆದರೆ ಈ ಲೆಕ್ಕ ತಪ್ಪಿದ್ದು ಅದರಿಂದಲ್ಲ.

ಹಾಗಾದರೆ ಎಲ್ಲಿ ತಪ್ಪಿತು? 5:3 ಎಂದರೆ ಹುಡುಗರು 5 ಭಾಗ, ಹುಡುಗಿಯರು 3 ಭಾಗ. ಆ ಒಂದು ಭಾಗದಲ್ಲಿ ಎಷ್ಟು ಜನ ಎಂಬುದನ್ನು ಅನುಪಾತ ಹೇಳುವುದಿಲ್ಲ, ಹೇಳದೇ ಇರುವುದೇ ಅದರ ಸ್ವಭಾವ. ಆ ಗೊತ್ತಿಲ್ಲದ ಅಳತೆಗೆ ನಾವು ಎಕ್ಸ್ ಎಂದು ಹೆಸರಿಡುತ್ತೇವೆ. ಈಗ 7:5 ಎಂಬ ಎರಡನೆಯ ಅನುಪಾತವನ್ನು ನೋಡಿ. ಇಲ್ಲಿಯೂ ಭಾಗಗಳಿವೆ, ಆದರೆ ಈ ಭಾಗದ ಅಳತೆ ಮೊದಲಿನದೇ ಆಗಿರಬೇಕೆಂದು ಯಾರೂ ಹೇಳಿಲ್ಲ. ಉತ್ತರ ತಿಳಿದ ಮೇಲೆ ಹಿಂತಿರುಗಿ ನೋಡಿದರೆ, ಮೊದಲ ಅನುಪಾತದಲ್ಲಿ ಒಂದು ಭಾಗವೆಂದರೆ 60 ಜನ, ಎರಡನೆಯದರಲ್ಲಿ 40 ಜನ. 60ಕ್ಕೂ 40ಕ್ಕೂ ಎಕ್ಸ್ ಎಂಬ ಒಂದೇ ಹೆಸರನ್ನು ಕೊಟ್ಟದ್ದರಿಂದ ಸಮೀಕರಣ ಕುಸಿಯಿತು. ಋಣಾತ್ಮಕ ಬೆಲೆ ಬಂದಾಗ ನಿಮಗೆ ಗಾಬರಿಯಾಗಿರಬಹುದು, ಆದರೆ ವಾಸ್ತವವಾಗಿ ಅದು ನಿಮ್ಮ ಅದೃಷ್ಟ. ಇದೇ ತಪ್ಪನ್ನು ಇಟ್ಟುಕೊಂಡೂ ಕೆಲವು ಪ್ರಶ್ನೆಗಳಲ್ಲಿ ಚೊಕ್ಕಟವಾದ ಧನಾತ್ಮಕ ಸಂಖ್ಯೆಯೇ ಬರುತ್ತದೆ ಮತ್ತು ಪ್ರಶ್ನೆಪತ್ರಿಕೆ ತಯಾರಿಸುವವರು ಅದನ್ನು ನಾಲ್ಕು ಆಯ್ಕೆಗಳಲ್ಲಿ ಒಂದಾಗಿ ಇಟ್ಟಿರುತ್ತಾರೆ.

ಆದ್ದರಿಂದ ಎಕ್ಸ್ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಕಥೆಯಲ್ಲಿ ಇಷ್ಟೆಲ್ಲ ನಡೆದರೂ ಬದಲಾಗದೆ ಉಳಿದದ್ದು ಯಾವುದು? ನಿಮ್ಮ ಲೆಕ್ಕದಲ್ಲಿ 20 ಜನ ಹೋದರು, 20 ಜನ ಬಂದರು, ಹಾಗಾಗಿ ಒಟ್ಟು ಸಂಖ್ಯೆ ಕದಲಲಿಲ್ಲ. ಮೊದಲು ಆ ಒಟ್ಟು 5 + 3, ಅಂದರೆ 8 ಭಾಗ. ಆಮೇಲೆ ಅದೇ ಒಟ್ಟು 7 + 5, ಅಂದರೆ 12 ಭಾಗ. ಒಂದೇ ಮೊತ್ತವನ್ನು ಒಮ್ಮೆ 8 ಎಂದೂ ಇನ್ನೊಮ್ಮೆ 12 ಎಂದೂ ಕರೆಯಲಾಗಿದೆ. ಎರಡಕ್ಕೂ ಒಂದೇ ಅಳತೆ ಬರಲು 8 ಮತ್ತು 12ರ ಲ.ಸಾ.ಅ. 24 ತೆಗೆದುಕೊಳ್ಳಿ. 5:3 ಈಗ 15:9 ಆಯಿತು, 7:5 ಈಗ 14:10 ಆಯಿತು. ಹುಡುಗರು 15 ಭಾಗದಿಂದ 14 ಭಾಗಕ್ಕೆ ಇಳಿದಿದ್ದಾರೆ, ಆ ಒಂದು ಭಾಗವೇ 20 ಜನ. ಒಟ್ಟು 24 ಭಾಗ, ಅಂದರೆ 480. ತಾಳೆ ನೋಡಿ: 300 ಮತ್ತು 180 ಇದ್ದದ್ದು 280 ಮತ್ತು 200 ಆಗುತ್ತದೆ, ಅದು 7:5. ಸಮೀಕರಣವನ್ನೇ ಬರೆಯದೆ ಲೆಕ್ಕ ಮುಗಿಯಿತು.

ಮಂಡ್ಯದವರಾದ ನಿಮಗೆ ಇಂಥದೇ ಒಂದು ನಿಜವಾದ ಉದಾಹರಣೆ ಪರಿಚಿತವಿದೆ. ಕಾವೇರಿ ಜಲವಿವಾದ ನ್ಯಾಯಮಂಡಳಿ 2007ರ ಫೆಬ್ರುವರಿಯಲ್ಲಿ ನೀಡಿದ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 270 ಟಿಎಂಸಿ ಅಡಿ, ತಮಿಳುನಾಡಿಗೆ 419 ಟಿಎಂಸಿ ಅಡಿ ನೀರು ಹಂಚಿಕೆಯಾಗಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಅಡಿ ಸೇರಿಸಿ, ತಮಿಳುನಾಡಿನ ಪಾಲಿನಿಂದ ಅಷ್ಟನ್ನೇ ಇಳಿಸಿತು. ಪಾಲುಗಳು 284.75 ಮತ್ತು 404.25 ಆದವು. ಎರಡು ರಾಜ್ಯಗಳ ಮೊತ್ತ ಆಗಲೂ 689, ಈಗಲೂ 689. ಆದರೆ ಪಾಲುಗಳ ನಡುವಿನ ವ್ಯತ್ಯಾಸ 149ರಿಂದ 119.5ಕ್ಕೆ ಇಳಿಯಿತು; ಇಳಿದದ್ದು 29.5, ಅಂದರೆ 14.75ರ ಎರಡರಷ್ಟು. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆಗೆ ಕೊಟ್ಟಾಗ ಮೊತ್ತ ನಿಲ್ಲುತ್ತದೆ, ವ್ಯತ್ಯಾಸವು ಕೊಟ್ಟದ್ದರ ಎರಡು ಪಟ್ಟು ಕದಲುತ್ತದೆ. ಈ ಎರಡನೆಯ ಅಂಶವನ್ನು ಮರೆತು ತಪ್ಪುವವರು ಬಹಳ ಮಂದಿ. ಒಬ್ಬ ಇನ್ನೊಬ್ಬನಿಗೆ 500 ರೂಪಾಯಿ ಕೊಟ್ಟರೆ ಅವರ ನಡುವಿನ ಅಂತರ 500ರಷ್ಟು ಬದಲಾಯಿತೆಂದು ಬರೆದು ಮುಂದೆ ಹೋಗುತ್ತಾರೆ.

ವಯಸ್ಸಿನ ಲೆಕ್ಕದಲ್ಲಿ ಇದು ತಿರುವುಮುರುವು. ವರ್ಷ ಕಳೆದಂತೆ ಇಬ್ಬರ ವಯಸ್ಸೂ ಏರುತ್ತದೆ, ಮೊತ್ತ ಬದಲಾಗುತ್ತದೆ, ಆದರೆ ವ್ಯತ್ಯಾಸ ಸಾಯುವವರೆಗೂ ಅಷ್ಟೇ. ತಂದೆ ಮತ್ತು ಮಗಳ ವಯಸ್ಸು ಈಗ 4:1, ಆರು ವರ್ಷದ ನಂತರ 3:1 ಎಂದಿಟ್ಟುಕೊಳ್ಳಿ. ವ್ಯತ್ಯಾಸ ಮೊದಲು 3 ಭಾಗ, ಆಮೇಲೆ 2 ಭಾಗ. ಎರಡನ್ನೂ 6ಕ್ಕೆ ಸಮ ಮಾಡಿದರೆ 8:2 ಮತ್ತು 9:3. ಒಂದು ಭಾಗ ಏರಿದ್ದು ಆರು ವರ್ಷಕ್ಕೆ ಸಮ, ಹಾಗಾಗಿ ಈಗ ತಂದೆಗೆ 48, ಮಗಳಿಗೆ 12.

ಮಿಶ್ರಣದ ಲೆಕ್ಕದಲ್ಲಿ ಮೊತ್ತವೂ ನಿಲ್ಲುವುದಿಲ್ಲ, ವ್ಯತ್ಯಾಸವೂ ನಿಲ್ಲುವುದಿಲ್ಲ, ಯಾವುದೋ ಒಂದು ಘಟಕ ಮಾತ್ರ ನಿಲ್ಲುತ್ತದೆ. ನಿಮ್ಮ ಕಡೆಯ ಆಲೆಮನೆಯನ್ನು ನೆನೆಸಿಕೊಳ್ಳಿ. ಕೊಪ್ಪರಿಗೆಯಲ್ಲಿ 100 ಕಿಲೋ ಕಬ್ಬಿನ ಹಾಲು ಇದೆ, ಅದರಲ್ಲಿ ಸಿಹಿಯ ಘನಾಂಶ ಮತ್ತು ನೀರಿನ ಅನುಪಾತ 1:4 ಎಂದುಕೊಳ್ಳೋಣ. ಕುದಿಸಿ ಕುದಿಸಿ ಆ ಅನುಪಾತ 4:1 ಆದಾಗ ಎಷ್ಟು ಕಿಲೋ ನೀರು ಆವಿಯಾಗಿರುತ್ತದೆ? ಪರೀಕ್ಷೆಯಲ್ಲಿ ಅವಸರದಲ್ಲಿರುವವರು 80 ಕಿಲೋ ನೀರು 20 ಕಿಲೋಗೆ ಇಳಿಯಿತೆಂದು ಭಾವಿಸಿ 60 ಎಂದು ಗುರುತು ಹಾಕುತ್ತಾರೆ. ಕೊಪ್ಪರಿಗೆಯ ಮುಂದೆ ನಿಂತು ನೋಡಿದವರಿಗೆ ಗೊತ್ತು, ಹೋಗುವುದು ನೀರು ಮಾತ್ರ. ಘನಾಂಶದ 20 ಕಿಲೋ ಕೊಪ್ಪರಿಗೆಯಲ್ಲೇ ಉಳಿಯುತ್ತದೆ. ಆ 20 ಈಗ 4 ಭಾಗವಾಗಿದೆ, ನೀರು 1 ಭಾಗ, ಅಂದರೆ 5 ಕಿಲೋ. ಆವಿಯಾದದ್ದು 75 ಕಿಲೋ. ಹಾಲಿಗೆ ನೀರು ಬೆರೆಸುವ ಲೆಕ್ಕ, ಉಪ್ಪು ನೀರಿನ ಲೆಕ್ಕ, ಹಸಿ ದ್ರಾಕ್ಷಿ ಒಣಗುವ ಲೆಕ್ಕ ಎಲ್ಲವೂ ಇದೇ ಜಾತಿಯವು.

ಇಷ್ಟು ಗೊತ್ತಾದ ಮೇಲೂ ಒಂದು ಬಲೆ ಉಳಿದಿರುತ್ತದೆ, ಅದು ಪ್ರಶ್ನೆಯಲ್ಲಿ ಹೆಸರಿಸದ ಮೂರನೆಯ ಪಾಲು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಮೈಸೂರು ರೇಷ್ಮೆ ಸೀರೆಯ ಜರಿಯ ಬಗ್ಗೆ ನೀಡುವ ವಿವರದಂತೆ, ಅದರಲ್ಲಿ ಬೆಳ್ಳಿ ಶೇಕಡಾ 65, ಚಿನ್ನ ಶೇಕಡಾ 0.65. ಚಿನ್ನ ಮತ್ತು ಬೆಳ್ಳಿಯ ಅನುಪಾತ 1:100. ಈ ಅನುಪಾತವನ್ನು ಮಾತ್ರ ನೋಡಿದವರು ಜರಿಯನ್ನು 101 ಭಾಗವೆಂದು ತಿಳಿದು, 100 ಗ್ರಾಂ ಜರಿಯಲ್ಲಿ ಹೆಚ್ಚು ಕಡಿಮೆ ಒಂದು ಗ್ರಾಂ ಚಿನ್ನವಿದೆ ಎಂದು ಲೆಕ್ಕ ಹಾಕುತ್ತಾರೆ. ಇರುವುದು 0.65 ಗ್ರಾಂ, ಏಕೆಂದರೆ ಜರಿಯ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಭಾಗ ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ. ಎರಡು ಪಾಲುಗಳ ಅನುಪಾತ ಕೊಟ್ಟಾಗ ಅವೆರಡೇ ಸೇರಿ ಇಡಿಯಾಗುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಬೇಕು. ಹುಡುಗರು-ಹುಡುಗಿಯರ ಲೆಕ್ಕದಲ್ಲಿ ಆಗುತ್ತದೆ. ಮಿಶ್ರಲೋಹ, ಮನೆಯ ಖರ್ಚು, ಪಾಲುದಾರಿಕೆಯ ಲೆಕ್ಕಗಳಲ್ಲಿ ಎಷ್ಟೋ ಸಲ ಆಗುವುದಿಲ್ಲ.

ಇನ್ನು ವಿಧಾನಗಳ ಆಯ್ಕೆ. ಪ್ರತಿಯೊಂದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮರೆಮಾಚದೆ ಹೇಳುತ್ತೇನೆ.

ನಿಮ್ಮ ಕೋಚಿಂಗ್ ತರಗತಿಯಲ್ಲಿ ಕಲಿಸಿದ ಎಕ್ಸ್ ವಿಧಾನ ತಪ್ಪಲ್ಲ. ಅದನ್ನು ಸರಿಯಾಗಿ ಬರೆದರೆ (5ಎಕ್ಸ್ − 20) ಮತ್ತು (3ಎಕ್ಸ್ + 20) ಇವುಗಳ ಅನುಪಾತ 7:5 ಎಂದಾಗುತ್ತದೆ. ಅಡ್ಡ ಗುಣಾಕಾರ ಮಾಡಿದರೆ 25ಎಕ್ಸ್ − 100 = 21ಎಕ್ಸ್ + 140, ಆದ್ದರಿಂದ ಎಕ್ಸ್ = 60. ಇದರಲ್ಲಿ ಎರಡನೆಯ ಅನುಪಾತಕ್ಕೆ ಎಕ್ಸ್ ಬಳಸಿಲ್ಲ ಎಂಬುದನ್ನು ಗಮನಿಸಿ. ಈ ವಿಧಾನ ಯಾವ ಲೆಕ್ಕಕ್ಕೂ ನಡೆಯುತ್ತದೆ, ಅದೇ ಅದರ ಬಲ. ಆದರೆ ಬರೆಯುವ ಸಾಲುಗಳು ಹೆಚ್ಚು, ಚಿಹ್ನೆ ತಪ್ಪುವ ಅಪಾಯವೂ ಹೆಚ್ಚು. ಕದಲದಿರುವುದು ಏನೂ ಕಾಣದಿದ್ದಾಗ ಇದೇ ಗತಿ. ಕಾಣಲಿಲ್ಲ ಎಂದು ತೀರ್ಮಾನಿಸುವ ಮೊದಲು ಇನ್ನೊಮ್ಮೆ ನೋಡುವುದು ಒಳ್ಳೆಯದು. ಇಬ್ಬರ ಆದಾಯ 4:3, ಖರ್ಚು 3:2, ತಲಾ 6,000 ರೂಪಾಯಿ ಉಳಿತಾಯ ಎಂಬ ಲೆಕ್ಕವನ್ನು ಎಲ್ಲರೂ ಎರಡು ಅಕ್ಷರ ಇಟ್ಟುಕೊಂಡು ಬಿಡಿಸುತ್ತಾರೆ. ಉಳಿತಾಯ ಇಬ್ಬರಿಗೂ ಒಂದೇ ಆದದ್ದರಿಂದ ಆದಾಯದ ವ್ಯತ್ಯಾಸವೂ ಖರ್ಚಿನ ವ್ಯತ್ಯಾಸವೂ ಸಮ. ಎರಡೂ ಕಡೆ ಆ ವ್ಯತ್ಯಾಸ ಒಂದೊಂದು ಭಾಗ. ಹಾಗಾಗಿ ಇಲ್ಲಿ ಭಾಗಗಳ ಅಳತೆ ನಿಜಕ್ಕೂ ಒಂದೇ. 4 ಭಾಗ ಬಂದು 3 ಭಾಗ ಖರ್ಚಾಗಿ ಉಳಿದ ಒಂದು ಭಾಗ 6,000 ಎಂದ ಮೇಲೆ ಆದಾಯ 24,000 ಮತ್ತು 18,000. ಉಳಿತಾಯಗಳು ಬೇರೆ ಬೇರೆ ಎಂದು ಕೊಟ್ಟಿದ್ದರೆ ಈ ದಾರಿ ಮುಚ್ಚಿಹೋಗುತ್ತದೆ, ಆಗ ಎರಡು ಅಕ್ಷರ ಬೇಕೇ ಬೇಕು.

ಆಯ್ಕೆಗಳಿಂದ ಹಿಂದಕ್ಕೆ ಹೋಗುವ ವಿಧಾನವನ್ನು ಕೆಲವು ಬೋಧಕರು ಕೀಳಾಗಿ ಕಾಣುತ್ತಾರೆ. ನಾನು ಹಾಗೆ ಕಾಣುವುದಿಲ್ಲ. ನಿಮ್ಮ ಪ್ರಶ್ನೆಗೆ 400, 440, 480, 520 ಎಂಬ ಆಯ್ಕೆಗಳಿದ್ದವು ಎಂದುಕೊಳ್ಳಿ. ಒಟ್ಟು ಸಂಖ್ಯೆ 8ರಿಂದಲೂ 12ರಿಂದಲೂ ನಿಶ್ಶೇಷವಾಗಿ ಭಾಗವಾಗಲೇಬೇಕು, ಏಕೆಂದರೆ ವಿದ್ಯಾರ್ಥಿಗಳನ್ನು ಅರ್ಧರ್ಧ ಮಾಡಲಾಗುವುದಿಲ್ಲ. ನಾಲ್ಕರಲ್ಲಿ 24ರ ಗುಣಕ 480 ಒಂದೇ. ಹತ್ತು ಸೆಕೆಂಡಿನ ಕೆಲಸ. ಆದರೆ ಇದು ಎಣಿಸುವ ವಸ್ತುಗಳಿಗೆ ಮಾತ್ರ ಸಲ್ಲುತ್ತದೆ. ಲೀಟರು, ಕಿಲೋ, ರೂಪಾಯಿಗಳು ಭಿನ್ನರಾಶಿಯಲ್ಲೂ ಇರಬಹುದಾದ್ದರಿಂದ ಅಲ್ಲಿ ಇದನ್ನು ನೆಚ್ಚಿದರೆ ಸರಿಯಾದ ಉತ್ತರವನ್ನೇ ಹೊಡೆದುಹಾಕಿಬಿಡುವಿರಿ. ಜೊತೆಗೆ ಕ್ಯಾಟ್‌ನಲ್ಲಿ ಕೆಲವು ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಉತ್ತರವನ್ನು ನೀವೇ ಕೀಲಿಸಬೇಕು. ಆಯ್ಕೆಗಳ ಮೇಲೆಯೇ ಬದುಕುವ ಅಭ್ಯಾಸ ಮಾಡಿಕೊಂಡವರಿಗೆ ಅಲ್ಲಿ ಕಾಲಡಿಯ ನೆಲ ಜಾರುತ್ತದೆ.

ಶಾರ್ಟ್‌ಕಟ್ ಬ್ಯಾಚ್‌ಗಳಲ್ಲಿ ಬಹಳ ಮೆರೆಸುವುದು ಅಲಿಗೇಷನ್ ವಿಧಾನವನ್ನು, ಅಂದರೆ ಸರಾಸರಿಯಿಂದ ಎರಡೂ ಬೆಲೆಗಳಿಗಿರುವ ಅಂತರವನ್ನು ಅಡ್ಡಗೀಟು ಎಳೆದು ಅದಲು ಬದಲು ಬರೆದು, ಬೆರೆಸುವ ಅನುಪಾತ ಕಂಡುಹಿಡಿಯುವುದನ್ನು. ಕಿಲೋಗೆ 60 ರೂಪಾಯಿಯ ಬೆಲ್ಲ ಮತ್ತು 45 ರೂಪಾಯಿಯ ಬೆಲ್ಲ ಬೆರೆಸಿ 50 ರೂಪಾಯಿಯ ಬೆಲ್ಲ ಮಾಡಲು ಎರಡನ್ನೂ ಯಾವ ಅನುಪಾತದಲ್ಲಿ ಹಾಕಬೇಕು ಎಂದರೆ, 50ರಿಂದ 45 ಕಳೆದು 5, 60ರಿಂದ 50 ಕಳೆದು 10, ಹಾಗಾಗಿ 5:10, ಅಂದರೆ 1:2. ಒಳ್ಳೆಯ ಸಾಧನ. ಅಪಾಯವಿರುವುದು ಬಂದ ಅನುಪಾತ ಯಾವುದರದು ಎಂದು ತಿಳಿಯದೆ ಬಳಸುವುದರಲ್ಲಿ. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಎಂದಿಟ್ಟುಕೊಂಡು, ಹೋಗುವಾಗ ಗಂಟೆಗೆ 60 ಕಿಲೋಮೀಟರ್, ಬರುವಾಗ 30 ಕಿಲೋಮೀಟರ್ ವೇಗದಲ್ಲಿ ಪ್ರಯಾಣಿಸಿದರೆ, 90 ಕಿಲೋಮೀಟರಿಗೆ ಎರಡೂಕಾಲು ಗಂಟೆ ಹಿಡಿಯುತ್ತದೆ. ಸರಾಸರಿ ವೇಗ 40. ಇಲ್ಲಿ ಅಲಿಗೇಷನ್ ಹಾಕಿದರೆ 10:20, ಅಂದರೆ 1:2 ಬರುತ್ತದೆ. ಕ್ರಮಿಸಿದ ದೂರಗಳು ಸಮವಾಗಿದ್ದರೂ 1:2 ಬಂದದ್ದೇಕೆ? ಅದು ಮುಕ್ಕಾಲು ಗಂಟೆ ಮತ್ತು ಒಂದೂವರೆ ಗಂಟೆ ಎಂಬ ಕಾಲಾವಧಿಗಳ ಅನುಪಾತ. ಕಿಲೋಗೆ ಇಷ್ಟು ರೂಪಾಯಿ ಎಂದಾಗ ಕಿಲೋಗಳ ಅನುಪಾತ ಬರುತ್ತದೆ, ಗಂಟೆಗೆ ಇಷ್ಟು ದೂರ ಎಂದಾಗ ಗಂಟೆಗಳ ಅನುಪಾತ ಬರುತ್ತದೆ. ಇದನ್ನು ವಿವರಿಸದೆ ಅಡ್ಡಗೀಟು ಎಳೆಯುವುದನ್ನಷ್ಟೇ ಕಲಿಸುವ ಬ್ಯಾಚ್‌ಗೆ ಹಣ ಕಟ್ಟಬೇಡಿ. ಹಣ ಖರ್ಚು ಮಾಡಲೇಬೇಕೆಂದಿದ್ದರೆ, ನಿಮ್ಮ ರಫ್ ಹಾಳೆಗಳನ್ನು ಕೂತು ಓದಿ ಎಲ್ಲಿ ದಾರಿ ತಪ್ಪಿದಿರೆಂದು ತೋರಿಸಬಲ್ಲ ಬೋಧಕರಿಗೆ ಕೊಡಿ. ತರಗತಿಯಲ್ಲಿ ಎಷ್ಟು ಜನರಿದ್ದಾರೆ ಎಂದು ಸೇರುವ ಮೊದಲು ವಿಚಾರಿಸಿದರೆ ಅದು ಸಾಧ್ಯವೋ ಇಲ್ಲವೋ ಗೊತ್ತಾಗುತ್ತದೆ.

ಅಧ್ಯಾಯವನ್ನೇ ಬಿಡುವ ಯೋಚನೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಕೆಲಸ ಮತ್ತು ಕಾಲ, ವೇಗ ಮತ್ತು ದೂರ, ಪಾಲುದಾರಿಕೆ, ನಕ್ಷೆ ಮತ್ತು ಕೋಷ್ಟಕಗಳ ಮೇಲಿನ ಪ್ರಶ್ನೆಗಳು ಇವೆಲ್ಲಕ್ಕೂ ಅನುಪಾತವೇ ತಳಹದಿ. ನಿಮಗೆ ಸುಲಭವೆನಿಸುವ ಶೇಕಡಾವಾರು ಕೂಡ ಇಡಿಯನ್ನು 100 ಭಾಗ ಮಾಡಿದ ಅನುಪಾತವೇ, ಅಂದರೆ ನಿಮಗೆ ಈ ವಿಷಯ ಅರ್ಧ ಆಗಲೇ ಬಂದಿದೆ.

ಅಭ್ಯಾಸ ಮಾಡುವ ಬಗೆ ಬದಲಾಗಬೇಕು. ಪುಸ್ತಕಗಳು ವಯಸ್ಸು, ಮಿಶ್ರಣ, ನಾಣ್ಯ, ಆದಾಯ ಎಂದು ಲೆಕ್ಕಗಳನ್ನು ವಿಂಗಡಿಸಿರುತ್ತವೆ, ಆ ವಿಂಗಡಣೆ ಪರೀಕ್ಷೆಯಲ್ಲಿ ನೆರವಿಗೆ ಬರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಮೂವತ್ತು ನಲವತ್ತು ಲೆಕ್ಕಗಳನ್ನು ಆರಿಸಿಕೊಂಡು, ಮೊದಲ ಸುತ್ತಿನಲ್ಲಿ ಒಂದನ್ನೂ ಬಿಡಿಸದೆ, ಪ್ರತಿಯೊಂದರ ಪಕ್ಕದಲ್ಲಿ ಮೊತ್ತ, ವ್ಯತ್ಯಾಸ, ಒಂದು ಘಟಕ, ಯಾವುದೂ ಇಲ್ಲ ಎಂಬ ನಾಲ್ಕರಲ್ಲಿ ಒಂದನ್ನು ಬರೆಯಿರಿ. ಮರುದಿನ ಬಿಡಿಸಿ ನೋಡಿ. ಉತ್ತರಕ್ಕಿಂತ ನೀವು ಹಾಕಿದ ಗುರುತು ಸರಿಯಿತ್ತೇ ಎಂಬುದನ್ನು ಮೊದಲು ಪರಿಶೀಲಿಸಿ. ಗುರುತುಗಳು ತಪ್ಪದೆ ಬೀಳತೊಡಗುವವರೆಗೆ ಗಡಿಯಾರ ಇಟ್ಟುಕೊಳ್ಳಬೇಡಿ. ಕಚೇರಿ ಕೆಲಸದ ನಡುವೆ ದಿನಕ್ಕೆ ಅರ್ಧ ಗಂಟೆ ಸಿಕ್ಕರೂ ಇದಕ್ಕೆ ಸಾಕು.

ಪರೀಕ್ಷೆಯ ದಿನದ ಲೆಕ್ಕಾಚಾರ ಎರಡು ಕಡೆಯೂ ಒಂದೇ ಅಲ್ಲ. ಪಿಜಿಸಿಇಟಿಯ ಎಂಬಿಎ ಪತ್ರಿಕೆಯಲ್ಲಿ 120 ನಿಮಿಷಕ್ಕೆ 100 ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಅಲ್ಲಿ ಒಂದು ಅನುಪಾತದ ಲೆಕ್ಕ ಒಂದು ನಿಮಿಷದೊಳಗೆ ದಾರಿ ತೋರದಿದ್ದರೆ ಭಾಗಾಕಾರದ ಜರಡಿಯಿಂದ ಸೋಸಿ, ಉಳಿದ ಆಯ್ಕೆಗಳಲ್ಲಿ ಒಂದನ್ನು ಗುರುತಿಸಿ ಮುಂದಕ್ಕೆ ಹೋಗಿ, ಖಾಲಿ ಮಾತ್ರ ಬಿಡಬೇಡಿ. ಕ್ಯಾಟ್‌ನ ಗಣಿತ ವಿಭಾಗಕ್ಕೆ 40 ನಿಮಿಷ, ಇತ್ತೀಚಿನ ವರ್ಷಗಳಲ್ಲಿ ಅಲ್ಲಿ 22 ಪ್ರಶ್ನೆಗಳು. ಸರಿ ಉತ್ತರಕ್ಕೆ 3 ಅಂಕ, ಆಯ್ಕೆಯುಳ್ಳ ಪ್ರಶ್ನೆ ತಪ್ಪಾದರೆ 1 ಅಂಕ ಕಡಿತ, ಕೀಲಿಸುವ ಪ್ರಶ್ನೆ ತಪ್ಪಾದರೆ ಕಡಿತವಿಲ್ಲ. ಹಾಗಾಗಿ ಅಲ್ಲಿ ಆಯ್ಕೆಯುಳ್ಳ ಲೆಕ್ಕದಲ್ಲಿ ಕದಲದ ಪ್ರಮಾಣ ಕಾಣದೆ, ಸಮೀಕರಣವೂ ಮೂರು ಸಾಲು ದಾಟುವಂತಿದ್ದರೆ ಬಿಟ್ಟುಬಿಡಿ. ಕೀಲಿಸುವ ಲೆಕ್ಕವಾದರೆ ಬಂದ ಉತ್ತರವನ್ನು ತಾಳೆ ನೋಡಲು ಸಮಯವಿಲ್ಲದಿದ್ದರೂ ದಾಖಲಿಸಿ, ಏಕೆಂದರೆ ತಪ್ಪಾದರೂ ಕಳೆದುಕೊಳ್ಳುವುದು ಏನೂ ಇಲ್ಲ. ಯಾವುದೇ ಲೆಕ್ಕದಲ್ಲಿ ಭಾಗದ ಅಳತೆ ಋಣಾತ್ಮಕವಾಗಿ ಬಂದರೆ, ಅಥವಾ ಜನರ ಸಂಖ್ಯೆ ಭಿನ್ನರಾಶಿಯಾಗಿ ಬಂದರೆ, ಅದೇ ಸಮೀಕರಣವನ್ನು ಮತ್ತೆ ಮತ್ತೆ ತಿದ್ದುತ್ತಾ ಕೂರದೆ, ಎರಡು ಅನುಪಾತಗಳಿಗೂ ಒಂದೇ ಅಕ್ಷರ ಬಳಸಿದ್ದೀರಾ ಎಂದು ಮೊದಲು ನೋಡಿ.